ಛತ್ರಿ ಮುಚ್ಚ್ರೀ, ಕಾಕಾ!

ನಮ್ಮ ಮನೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಅದರಲ್ಲಿ ಒಂದು ಛತ್ರಿ ತೂಗುತ್ತಿತ್ತು. ಮರದ ಹಿಡಿಯ, ದೊಡ್ಡ, ಕರಿಯ ಛತ್ರಿ. ಕರಿಯದು ಎನ್ನುವುದು ಹಳೆಯ ಮಾತು. ಈಗ ಅದಕ್ಕೆ ಒಲೆಯ ಬೂದಿಯ ಬಣ್ಣ. ಬಿಚ್ಚಿ ಹಿಡಿದರೆ ಹಾಡುಹಗಲೇ ಚುಕ್ಕಿ ಕಾಣುವಷ್ಟು ತೂತು. ಪ್ರತಿ ದೀಪಾವಳಿಗೆ ಮನೆ ಸಾರಿಸುವಾಗ ನನ್ನ ಗಂಡ ಅದನ್ನು ಕೈಗೆತ್ತಿಕೊಂಡು, "ಇದು ಮಳಿಗೂ ಬರಂಗಿಲ್ಲ, ಬಿಸಲಿಗೂ ಬರಂಗಿಲ್ಲ. ಮತ್ಯಾಕ ಇಟ್ಟೀದಿ?" ಎಂದು ಕೇಳುತ್ತಿದ್ದರು. "ಇರ್ಲಿ ಬಿಡ್ರಿ" ಎನ್ನುತ್ತಿದ್ದೆ. ಅವರು ತಿರುಗಿ ಮೊಳೆಗೆ ಹಾಕುತ್ತಿದ್ದರು. ಎಣ್ಣೆಸ್ನಾನದ ಹಾಗೆ ಇದೂ ನಮ್ಮ ಹಬ್ಬದ ಒಂದು ಶಾಸ್ತ್ರವಾಗಿಬಿಟ್ಟಿತ್ತು. ಈ ವರ್ಷ ಮೊಳೆ ಖಾಲಿ ಇದೆ. ಯಾಕೆ ಎನ್ನುವುದನ್ನು ಹೇಳಬೇಕೆಂದೇ ಕೂತಿದ್ದೇನೆ, ಆದರೆ ನಾನು ಭೂಗೋಳ ಕಲಿಸುವವಳು. ಸೋಲಾಪುರಕ್ಕೆ ಹೋಗುವ ದಾರಿ ಕೇಳಿದರೂ ದಖ್ಖನ್ ಪ್ರಸ್ಥಭೂಮಿಯಿಂದಲೇ ಶುರು ಮಾಡುತ್ತೇನೆ. ಸ್ವಲ್ಪ ತಾಳಿ.

ಛತ್ರಿ ನನ್ನ ಅಪ್ಪನದು. ಅಪ್ಪ ಮಹಾರಾಷ್ಟ್ರದ ಗಡಿಯ ಯೆಣೆಗೂರಿನಲ್ಲಿ ತೊಗರಿ, ಜೋಳ ಬೆಳೆಯುತ್ತಿದ್ದ. ಕೊರಳಲ್ಲಿ ಲಿಂಗ, ತಲೆಯ ಮೇಲೆ ಬಿಳಿ ಟೊಪ್ಪಿಗೆ, ಕಂಕುಳಲ್ಲಿ ಛತ್ರಿ. ನಮ್ಮ ಕಡೆ ಮಳೆಗಾಗಿ ಛತ್ರಿ ಇಟ್ಟುಕೊಳ್ಳುವವರು ಕಡಿಮೆ. ಮಳೆ ಬಂದರೆ ನೆನೆಯುವುದೇ ಒಂದು ಸಂತೋಷ. ಅಪ್ಪನ ಛತ್ರಿ ಇದ್ದದ್ದು ಕುಸ್ತಿಗೆ. ಮೊದಲು ಅವನಿಗೂ ಎಲ್ಲರ ಹಾಗೆ, ತನ್ನ ಕಡೆಯ ಪೈಲ್ವಾನ ಗೆದ್ದರೆ ಟೊಪ್ಪಿಗೆ ಮೇಲಕ್ಕೆ ತೂರುವ ಚಟವಿತ್ತಂತೆ. ಒಮ್ಮೆ ತೂರಿದ ಟೊಪ್ಪಿಗೆ ಬೇರೆಯವರ ತಲೆ ಸೇರಿ, ಬೇರೆಯವರ ಎಣ್ಣೆಜಿಡ್ಡಿನ ಟೊಪ್ಪಿಗೆ ಅಪ್ಪನ ತಲೆಯ ಮೇಲೆ ಮನೆಗೆ ಬಂತು. ಅವ್ವ ಅದನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ಹಾಕಿ, "ಇನ್ನ ಮ್ಯಾಲ ತೂರೂದಾದ್ರ ತಲಿನೇ ತೂರಿ ಬಾ" ಎಂದಳು. ಅಂದಿನಿಂದ ಅಪ್ಪ ಕುಸ್ತಿಗೆ ಛತ್ರಿ ಒಯ್ಯತೊಡಗಿದ. ಪೈಲ್ವಾನ ಎದುರಾಳಿಯನ್ನು ಬೆನ್ನ ಮೇಲೆ ಕೆಡವಿದ ಕ್ಷಣಕ್ಕೆ ಅಪ್ಪನ ಛತ್ರಿ ಫಟ್ಟನೆ ಬಿಚ್ಚಿಕೊಂಡು ಮೇಲಕ್ಕೆ ಹೋಗುತ್ತಿತ್ತು. ಹಿಂದಿನಿಂದ ಕನ್ನಡ, ಮರಾಠಿ ಎರಡರಲ್ಲೂ ಕೂಗು ಏಳುತ್ತಿತ್ತು.

"ಛತ್ರಿ ಮುಚ್ಚ್ರೀ, ಕಾಕಾ!"

"ಓ ಕಾಕಾ, ಛತ್ರಿ ಮಿಟವಾ!"

ಅಪ್ಪ ಮುಚ್ಚುತ್ತಿರಲಿಲ್ಲ. ಗೆದ್ದವನು ಕಣ ಸುತ್ತಿ ಬರುವವರೆಗೂ ಹಿಡಿದೇ ಇರುತ್ತಿದ್ದ.

ಈ ಕುಸ್ತಿಗಳಿಗೆ ಜನ ಹೇಗೆ ಕೂರುತ್ತಿದ್ದರು ಎನ್ನುವುದನ್ನು ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಕೆಂಪು ಮಣ್ಣಿನ ಕಣ. ಅದರ ಸುತ್ತ ನೆಲದ ಮೇಲೆ ಕೂತವರು, ಅವರ ಹಿಂದೆ ಕುಕ್ಕರಗಾಲಲ್ಲಿ ಕೂತವರು, ಅವರ ಹಿಂದೆ ನಿಂತವರು. ಎಲ್ಲರ ಹಿಂದೆ ಬಂಡಿಗಳ ಒಂದು ಕೋಟೆ. ಎತ್ತು ಬಿಚ್ಚಿ ಬೇವಿನ ನೆರಳಿಗೆ ಕಟ್ಟಿ, ನೊಗದ ಕೆಳಗೆ ಕಟ್ಟಿಗೆ ಆನಿಸಿ, ಗಾಲಿಗೆ ಕಲ್ಲು ಕೊಟ್ಟರೆ ಬಂಡಿಯೇ ಗ್ಯಾಲರಿ. ಕಾಸಾರಶಿರಸಿಯ ಕುಸ್ತಿಗೆ ನಮ್ಮ ಬಂಡಿ ಬೆಳಗಿನಲ್ಲೇ ಹೊರಡುತ್ತಿತ್ತು. ಅಪ್ಪನದೊಂದು ಪದ್ಧತಿ ಇತ್ತು. ಕಲ್ಲು ಕೊಟ್ಟ ಮೇಲೆ ಮೊದಲು ತಾನೊಬ್ಬನೇ ಬಂಡಿ ಹತ್ತಿ, ಧೋತರ ಎತ್ತಿ ಹಿಡಿದು ಧಡ್ ಧಡ್ ಎಂದು ಕುಣಿದು ನೋಡುವುದು. ಬಂಡಿ ಅಲುಗದಿದ್ದರೆ ಮಾತ್ರ ನನ್ನನ್ನೂ ತಮ್ಮ ಚನ್ನುವನ್ನೂ ಎತ್ತಿ ಮೇಲೆ ಕೂರಿಸುವುದು. ಎಲ್ಲ ಬಂಡಿಯವರೂ ಹೀಗೇ ಮಾಡುತ್ತಿದ್ದರು. ಕುಸ್ತಿಗೆ ಮುಂಚೆ ಸುತ್ತಲೂ ನಡುವಯಸ್ಸಿನ ಗಂಡಸರು ಬಂಡಿಗಳ ಮೇಲೆ ಗಂಭೀರವಾಗಿ ಕುಣಿಯುವುದು ನನಗೆ ಕುಸ್ತಿಗಿಂತ ಮೋಜಿನದಾಗಿತ್ತು.

ಆ ಇಡೀ ಕೋಟೆಯಲ್ಲಿ ಹೆಣ್ಣುಮಗಳೆಂದರೆ ನಾನೊಬ್ಬಳೇ. "ಹೆಣ್ಣ್ಹುಡುಗಿನ್ನ ಯಾಕ ತಂದೀರಿ ಗೌಡ್ರ?" ಎಂದು ಯಾರಾದರೂ ಕೇಳಿದರೆ ಅಪ್ಪ, "ಮನ್ಯಾಗ ಬಿಟ್ರ ಅವ್ವನ ಜೋಡಿ ಕುಸ್ತಿ ಹಿಡಿತದ. ಇಲ್ಲಿ ಬರೇ ನೋಡ್ತದ" ಎನ್ನುತ್ತಿದ್ದ.

ಆಮೇಲೆ ಬಂಡಿಗಳು ಕಡಿಮೆಯಾದವು. ಪೈಲ್ವಾನರು ಬಂದರು, ನೋಡುವವರು ಬರಲಿಲ್ಲ. ಅಪ್ಪನ ಕೊನೆಯ ವರ್ಷಗಳಲ್ಲಿ ಒಮ್ಮೆ ಜೊತೆಗೆ ಹೋಗಿದ್ದೆ. ಕಣದ ಸುತ್ತ ಇದ್ದವರಿಗಿಂತ ಚಹಾದ ಅಂಗಡಿಯಲ್ಲಿ ಇದ್ದವರು ಹೆಚ್ಚು. ಗೆದ್ದಾಗ ಅಪ್ಪ ಛತ್ರಿ ಬಿಚ್ಚಿದ. ಹಿಂದಿನಿಂದ ಯಾರೂ ಕೂಗಲಿಲ್ಲ. ಹಿಂದೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಹಿಡಿದು, ತಾನೇ ಮುಚ್ಚಿದ. ದಾರಿಯಲ್ಲಿ, "ಬೈಯಾವರು ಇಲ್ಲಂದ್ರ ಛತ್ರಿಗಿ ರುಚಿ ಇಲ್ಲ ನೋಡವ್ವ" ಎಂದ.

ಅಪ್ಪ ಹೋದ ಮೇಲೆ ಜನ ಮತ್ತೆ ಬಂದರು. ಕುಸ್ತಿಗಲ್ಲ, ಕಬಡ್ಡಿಗೆ. ಟಿವಿಯಲ್ಲಿ ನೀಲಿ, ಹಳದಿ ಅಂಗಿಯ ಕಬಡ್ಡಿ ಶುರುವಾದದ್ದೇ ತಡ, ನಮ್ಮ ಊರುಗಳ ಮೈದಾನಗಳಿಗೂ ಚಾಪೆ ಬಂತು, ದೀಪ ಬಂತು, ಮೈಕ್ ಬಂತು. ಮದುವೆಯ ಮಂಟಪ ಹಾಕುವವರ ಕಬ್ಬಿಣದ ಪೈಪುಗಳಿಂದ ಕಟ್ಟಿದ ಎತ್ತರದ ಗ್ಯಾಲರಿ ಬಂತು. ಎಲ್ಲಕ್ಕಿಂತ ದೊಡ್ಡ ಬದಲಾವಣೆ, ಹುಡುಗಿಯರ ತಂಡಗಳು ಬಂದವು, ಅವರ ಹಿಂದೆ ಅವರ ಅವ್ವಂದಿರು, ಅಜ್ಜಿಯರು, ಅತ್ತೆಯರು ಬಂದರು. ಅತ್ತೆ ಎಂದರೆ ನಾನು. ಚನ್ನುವಿನ ಮಗಳು ಕಾವೇರಿ ಉದಗೀರದ ಕಾಲೇಜಿನಲ್ಲಿ ಓದುತ್ತಾಳೆ. ಓದುತ್ತಾಳೆ ಎನ್ನುವುದು ಮರ್ಯಾದೆಯ ಮಾತು. ಅವಳು ತಂಡದ ರೇಡರ್. ಉಸಿರು ಹಿಡಿದು ಎದುರಾಳಿಯ ಅಂಗಳಕ್ಕೆ ನುಗ್ಗಿ, ಮುಟ್ಟಿ, ಗೆರೆಗೆ ಹಿಂದಿರುಗುವುದು ಅವಳ ಕೆಲಸ.

ಈಗ ಆ ದಿನದ ಮಾತು ಹೇಳಿಬಿಡುತ್ತೇನೆ. ನಿಲಂಗಾ ತಾಲೂಕಿನ ಒಂದು ಊರು. ಹೆಸರು ಬೇಡ, ಆ ಊರವರು ನಮ್ಮನ್ನು ಹೊತ್ತುಕೊಂಡು ಓಡಿದ್ದಾರೆ, ನೀರು ಕುಡಿಸಿದ್ದಾರೆ. ಗ್ಯಾಲರಿಯ ಮೇಲಿನ ಸಾಲುಗಳಲ್ಲಿ ಜಾಗ ಸಿಕ್ಕಿತ್ತು. ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಮುದುಕಿ, ಮಡಿಲಲ್ಲಿ ಹುರಿದ ಶೇಂಗಾ. "ತಿನ್ನು ತಂಗಿ, ಸುಮ್ಮನ ಯಾಕ ಕೂತೀದಿ" ಎಂದು ನನ್ನ ಕೈಗೂ ಹಾಕಿದ್ದಳು. ನನ್ನ ಮುಂದೆ ಒಬ್ಬ ಎತ್ತರದ ಮನುಷ್ಯ, ಅವನ ಟೊಪ್ಪಿಗೆ ಎಷ್ಟೋ ಹೊತ್ತಿನಿಂದ ನನಗೆ ಅಡ್ಡ. ಕಾವೇರಿ ರೇಡಿಗೆ ಹೋದಳು. ಇಬ್ಬರನ್ನು ಮುಟ್ಟಿ, ಮೂರನೆಯವಳ ಹಿಡಿತದಿಂದ ಜಾರಿ ಗೆರೆಯ ಮೇಲೆ ಬಿದ್ದಳು. ಎಲ್ಲರೂ ಒಮ್ಮೆಲೇ ಎದ್ದರು.

ಒಣಗಿದ ತೊಗರಿ ಕಟ್ಟಿಗೆ ಮೊಣಕಾಲಿಗೆ ಕೊಟ್ಟು ಮುರಿದರೆ ಬರುತ್ತದಲ್ಲ, ಅಂಥ ಒಂದು ಸದ್ದು. ಮುಂದಿನ ಟೊಪ್ಪಿಗೆ ಸರಿದು ಕಣ ಚೆನ್ನಾಗಿ ಕಂಡಿತು. ಒಳ್ಳೆಯದಾಯಿತು, ಅಂದುಕೊಂಡೆ. ಟೊಪ್ಪಿಗೆ ಸರಿದಿರಲಿಲ್ಲ. ಅವನು ಕೆಳಗೆ ಹೋಗುತ್ತಿದ್ದ. ಅವನ ಹಿಂದೆ ನಾನೂ.

ಈ "ಒಳ್ಳೆಯದಾಯಿತು" ನನ್ನನ್ನು ಈಗಲೂ ಬಿಟ್ಟಿಲ್ಲ. ಮೊಸರು ಕಡೆಯುವಾಗ, ಫಲಕದ ಮೇಲೆ ನಕಾಶೆ ಬಿಡಿಸುವಾಗ, ಟೊಪ್ಪಿಗೆ ಸರಿಯುತ್ತದೆ, ಕಣ ಕಾಣುತ್ತದೆ, ಒಳ್ಳೆಯದಾಯಿತು ಅನ್ನಿಸುತ್ತದೆ, ಕೈಯಲ್ಲಿದ್ದದ್ದನ್ನು ಬಿಟ್ಟು ಗೋಡೆ ಹಿಡಿಯುತ್ತೇನೆ. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಎಷ್ಟೋ ಜನರ ಕೈಕಾಲು ಮುರಿದವು. ನನ್ನದು ಮಣಿಕಟ್ಟು. ಮುದುಕಿ ನನ್ನ ಮೇಲೆಯೇ ಬಂದು ಬಿದ್ದಿದ್ದಳು. ಹಲಗೆಗಳ ನಡುವೆ, ಧೂಳಿನಲ್ಲಿ, ಕಿರುಚಾಟದಲ್ಲಿ ಅವಳು ನನ್ನ ಕಿವಿಯಲ್ಲಿ, "ಅಯ್ಯ ತಂಗಿ, ಶೇಂಗಾ ಎಲ್ಲಾ ಚೆಲ್ಲಿದ್ವಲ್ಲ" ಎಂದಳು. ಎತ್ತುವವರು ಬರುವವರೆಗೆ ನನ್ನ ಕೈ ಬಿಡಲಿಲ್ಲ. ಅವಳ ಹೆಸರು ಕೇಳಿಕೊಳ್ಳಲು ನನಗೆ ತೋಚಲೇ ಇಲ್ಲ.

ಆಮೇಲೆ ನಾನು ಒಂದು ವಿಚಿತ್ರ ಪ್ರಾಣಿಯಾದೆ. ಮದುವೆಗೆ ಹೋದರೆ ಬಾಗಿಲ ಬಳಿ ಕೂರುವವಳು, ಮಕ್ಕಳು ಬೆಂಚು ಬಡಿದರೆ ಪಾಠ ಬಿಟ್ಟು ಹೊರಗೆ ಓಡುವವಳು. ಒಮ್ಮೆ ಶಾಲೆಯಲ್ಲಿ ರಾಷ್ಟ್ರಗೀತೆಗೆ ಎಲ್ಲರೂ ಒಟ್ಟಿಗೆ ಎದ್ದರು. ನಾನು ಕುರ್ಚಿ ಹಿಡಿದು ಕೂತೇ ಇದ್ದೆ. ಮುಖ್ಯಾಧ್ಯಾಪಕರು ದೇಶಭಕ್ತಿಯ ಬಗ್ಗೆ ನನ್ನೊಡನೆ ಮೆತ್ತಗೆ ಮಾತಾಡಬೇಕಾಯಿತು.

ಪಟ್ಟಿ ಕಟ್ಟಿದ ಕೈಯಲ್ಲೇ ಶಾಲೆಗೆ ಹೋಗುತ್ತಿದ್ದವಳು ಕೊನೆಗೆ ರಜೆ ಹಾಕಿ ನಮ್ಮ ಉಮರಗಾದ ಮನೆಯಲ್ಲಿ ಕೂತೆ. ಗ್ಯಾಲರಿ ಹೇಗೆ ಕಟ್ಟುತ್ತಾರೆ ಎಂದು ಮೊಬೈಲಿನಲ್ಲಿ ಹುಡುಕುತ್ತಿದ್ದೆ, ಹುಣ್ಣು ಕೆರೆದುಕೊಂಡ ಹಾಗೆ. ಮೊಬೈಲು ಏನು ತಿಳಿದುಕೊಂಡಿತೋ, ನನ್ನನ್ನು ಎಳೆದುಕೊಂಡು ಹೋಗಿ ಜಪಾನಿನ ಬೇಸ್‌ಬಾಲ್ ಮೈದಾನದಲ್ಲಿ ಬಿಟ್ಟಿತು. ಅವರ ಸಂಜೆಯ ಆಟ ನಮ್ಮ ಊಟದ ನಂತರದ ಜೊಂಪಿನ ಹೊತ್ತು. ಜಪಾನಿನ ದ್ವೀಪಗಳನ್ನು ಎಷ್ಟೋ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಅಲ್ಲಿ ಇಷ್ಟು ಜನ ಕೂತು ಹಾಡುತ್ತಾರೆ ಎಂದು ಯಾವ ಪಠ್ಯವೂ ಹೇಳಿರಲಿಲ್ಲ. ಆಟ ನನಗೆ ತಿಳಿಯಲಿಲ್ಲ. ನಮ್ಮ ಚಿಣ್ಣಿ ದಾಂಡಿನ ಶ್ರೀಮಂತ ನೆಂಟ ಎಂದು ತೀರ್ಮಾನಿಸಿಬಿಟ್ಟೆ. ನಾನು ನೋಡುತ್ತಿದ್ದದ್ದು ಜನರನ್ನು. ಅದಕ್ಕಿಂತ ಮೊದಲು, ಜನರಿಲ್ಲದ ಕುರ್ಚಿಗಳನ್ನು.

ಮೊದಲು ನೋಡಿದ್ದು ಕೊರೊನಾ ಕಾಲದ ಹಳೆಯ ಆಟಗಳ ವಿಡಿಯೋ. ಸಾವಿರಾರು ಖಾಲಿ ಕುರ್ಚಿ, ನಡುವೆ ಚೆಂಡಿಗೆ ದಾಂಡು ತಗುಲುವ ಟಕ್ ಎಂಬ ಸದ್ದು. ಕೆಲವು ಕಡೆ ಕುರ್ಚಿಗಳಲ್ಲಿ ರಟ್ಟಿನ ಮನುಷ್ಯರು. ಬರಲಾಗದವರು ತಮ್ಮ ಚಿತ್ರವನ್ನಾದರೂ ಕಳಿಸಿದ್ದರು. ಆಮೇಲಿನ ಆಟಗಳಲ್ಲಿ ಒಂದು ಕುರ್ಚಿ ಬಿಟ್ಟು ಒಂದರಲ್ಲಿ ಜನ ಕೂತರು. ಕೂಗುವ ಹಾಗಿಲ್ಲ, ಹಾಡುವ ಹಾಗಿಲ್ಲ, ಚಪ್ಪಾಳೆ ಮಾತ್ರ. ಬಾಯಿ ಮುಚ್ಚಿಕೊಂಡು ಇಡೀ ಮೈದಾನ ತಾಳ ಹಾಕುತ್ತಿತ್ತು. ಮತ್ತೂ ಆಮೇಲೆ, ಕೂಗಬಹುದು ಎಂದಾದ ಮೇಲಿನ ಆಟ. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಹಾಡು, ಅವನು ದಾಂಡು ಹಿಡಿದು ಬರುವಾಗ ಅಜ್ಜಂದಿರು, ಹೆಂಗಸರು, ತೊಡೆಯ ಮೇಲಿನ ಕೂಸುಗಳು ಎಲ್ಲರದೂ ಒಂದೇ ದನಿ. ಅಲ್ಲಿಯೂ ಹಿಂದೆ ಗಂಡಸರದೇ ಗದ್ದಲವಿತ್ತಂತೆ. ಈಗ ಹೆಣ್ಣುಮಕ್ಕಳು ಗುಂಪುಗುಂಪಾಗಿ ಬರುತ್ತಾರಂತೆ. ನಮ್ಮ ಕಾಸಾರಶಿರಸಿ ನೆನಪಾಯಿತು. ಅವರು ಬಿಟ್ಟು ಹೋದ ಕುರ್ಚಿಗೆ ಹೇಗೆ ಮರಳಿದರು ಎಂದೇ ನಾನು ಮತ್ತೆ ಮತ್ತೆ ನೋಡುತ್ತಿದ್ದೆ. ಮೊದಲು ರಟ್ಟು, ಆಮೇಲೆ ಚಪ್ಪಾಳೆ, ಆಮೇಲೆ ಹಾಡು. ನನ್ನದು ಇನ್ನೂ ರಟ್ಟಿನ ಹಂತ.

ಒಂದು ಮಧ್ಯಾಹ್ನ ಚನ್ನು ಬಂದು ಪಕ್ಕದಲ್ಲಿ ಕೂತ. ಅಲ್ಲಿ ಹುಡುಗಿಯರು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು, ಕೈಯಲ್ಲಿ ನಳಿಕೆ ಹಿಡಿದು, ಮೆಟ್ಟಿಲು ಹತ್ತಿಳಿದು ಜನರಿಗೆ ಬಿಯರ್ ಹಾಕಿಕೊಡುತ್ತಾರೆ. ಚನ್ನು ಕಣ್ಣು ಕಿರಿದು ಮಾಡಿ ನೋಡಿದ.

"ಅಕ್ಕಾ, ಇವ್ರ್ಯಾಕ ಮಂದಿಗಿ ತೊಗರಿ ಔಷಧ ಹೊಡಿಲಾಕತ್ಯಾರ?"

ಬಿದ್ದ ಮೇಲೆ ನಾನು ಮೊದಲ ಸಲ ನಕ್ಕದ್ದು ಅಂದು. ನಗುತ್ತಿರುವಾಗಲೇ ಪರದೆಯಲ್ಲಿ ಯಾರೋ ಓಡಿ ಬಂದು ಅಂಕ ಗಳಿಸಿದರು. ಒಂದು ಕಡೆಯ ಜನರೆಲ್ಲ ಸಣ್ಣ ಸಣ್ಣ ಬಣ್ಣದ ಛತ್ರಿ ಬಿಚ್ಚಿ ಮೇಲೆ ಕೆಳಗೆ ಕುಣಿಸತೊಡಗಿದರು. ಮೈದಾನದ ಆ ಬದಿ ಪೂರಾ ಛತ್ರಿ. ಚನ್ನು ಮೆಲ್ಲಗೆ ತಿರುಗಿ ಬಾಗಿಲ ಹಿಂದಿನ ಮೊಳೆ ನೋಡಿದ.

"ಅಪ್ಪ ತಪ್ಪಿ ಯೆಣೆಗೂರಾಗ ಹುಟ್ಟ್ಯಾನ" ಎಂದ.

ಅವನು ಸುಮ್ಮನೆ ಬಂದಿರಲಿಲ್ಲ. ಕಾವೇರಿಯ ವಿಷಯವಿತ್ತು. ಆ ದಿನ ಅವಳ ಅಂಕಕ್ಕೇ ಜನ ಎದ್ದದ್ದು ತಾನೆ? ತಂಡದ ಹುಡುಗಿಯರು ತಮಾಷೆಗೆ "ಗ್ಯಾಲರಿ ಕೆಡವಿದಾಕಿ" ಎಂದು ಹೆಸರಿಟ್ಟಿದ್ದರು. ಅವಳೂ ನಗುತ್ತಿದ್ದಳು. ಆದರೆ ಅಂದಿನಿಂದ ರೇಡಿಗೆ ಹೋದಾಗ ನಡುವೆ ಅವಳ ಕತ್ತು ಒಮ್ಮೆ ಜನರ ಕಡೆ ಹೊರಳುತ್ತದೆ. ಎಲ್ಲರೂ ಇದ್ದಾರೆಯೇ ಎಂದು ನೋಡುತ್ತದೆ. ಅಷ್ಟರಲ್ಲಿ ಎದುರಾಳಿಗಳು ಕಾಲು ಹಿಡಿದಿರುತ್ತಾರೆ.

"ಉದಗೀರಾಗ ಫೈನಲ್ ಅದ ಅಕ್ಕಾ. ಇನ್ನೊಮ್ಮಿ ಹಿಂಗ ಕತ್ತ ಹೊಳ್ಳಿಸಿದ್ರ ರೇಡಿಗಿ ಬ್ಯಾರೆ ಹುಡುಗಿನ್ನ ಕಳಸ್ತೀನಿ ಅಂದಾರ ಅವ್ರ ಸರ್. ನೀ ಬರಬೇಕ."

"ನಾ ಬಂದು ಏನ್ ಮಾಡ್ಲೋ? ನನಗ ಮದಿವಿ ಮನ್ಯಾಗ ಕೂಡ್ಲಾಕ ಆಗವಲ್ದು."

ಚನ್ನು ಫೋನು ಹಚ್ಚಿ ನನ್ನ ಕಿವಿಗಿಟ್ಟ. ಕಾವೇರಿ ಮೊದಲು ಏನೇನೋ ಮಾತಾಡಿದಳು, ಹಾಸ್ಟೆಲಿನ ಸಾರು, ಹೊಸ ಬೂಟು. ಕೊನೆಗೆ ದನಿ ಸಣ್ಣದಾಯಿತು.

"ಅತ್ತಿ, ನೀ ಎಲ್ಲಿ ಕೂತೀದಿ ಅಂತ ಒಮ್ಮಿ ಕಂಡ್ರ ಸಾಕು ನನಗ. ಆಮ್ಯಾಲ ನಾ ಹೊಳ್ಳಿ ನೋಡಂಗಿಲ್ಲ."

"ಅಷ್ಟ ಮಂದ್ಯಾಗ ನಾ ಹ್ಯಾಂಗ ಕಾಣಲೇ ಹುಚ್ಚಿ?"

"ಅದು ನನಗೇನ ಗೊತ್ತ? ನೀ ಮಾಸ್ತರಣಿ. ನೀನೇ ವಿಚಾರ ಮಾಡು."

ವಿಚಾರ ಮಾಡಿದೆ. ಫೈನಲ್ಲಿನ ಹೊತ್ತಿಗೆ ಕೈಯ ಪಟ್ಟಿ ಬಿಚ್ಚಿತ್ತು. ಅಂದು ಛತ್ರಿಯೂ ಮೊಳೆಯಿಂದ ಇಳಿಯಿತು.

ನಿಲಂಗಾ ಮೇಲಿಂದ ಉದಗೀರಕ್ಕೆ ಹೋಗುವ ಬಸ್ಸಿನಲ್ಲಿ ಛತ್ರಿಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಅಡ್ಡ ಹಾಕಿಕೊಂಡು ಕೂತೆ. ಆಕಾಶದಲ್ಲಿ ಮೋಡದ ಒಂದು ಚೂರೂ ಇಲ್ಲ. ಕಂಡಕ್ಟರ ಒಮ್ಮೆ ಆಕಾಶ, ಒಮ್ಮೆ ನನ್ನನ್ನು ನೋಡಿ, "ಮಾವಶಿ, ಛತ್ರಿಗಿ ಹಾಫ್ ತಿಕೀಟ ಕೊಡ್ಲೇನ?" ಎಂದ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ, ಆದರೆ ನನ್ನ ಕೈ ಮುಂದಿನ ಸೀಟಿನ ಸರಳನ್ನು ಬಿಟ್ಟಿರಲಿಲ್ಲ.

ಮೈದಾನದ ಹೊರಗೆ ನಿಂತಾಗ ಒಳಗಿನ ಗದ್ದಲ ಕೇಳಿಸಿತು. ಗೇಟಿನ ಕಂಬ ಹಿಡಿದುಕೊಂಡೆ. ಒಂದು ಬದಿಯಲ್ಲಿ ಕಲ್ಲಿನ ಮೆಟ್ಟಿಲುಗಳಿದ್ದವು, ಕಲ್ಲು ಎಲ್ಲಿಗೆ ಬೀಳುತ್ತದೆ ಎಂದು ಬುದ್ಧಿ ಹೇಳಿತು. ಬುದ್ಧಿಯ ಮಾತನ್ನು ನಾನು ಕೇಳಬೇಕಲ್ಲ. ಮರಳಿ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಯೋಚಿಸುತ್ತಿದ್ದಾಗಲೇ ಚನ್ನು ಬಂದು, "ಅಲ್ಲಿ ಬ್ಯಾಡ, ಇಲ್ಲಿ ಬಾ" ಎಂದು ತೋಳು ಹಿಡಿದು ಮೈದಾನದ ಇನ್ನೊಂದು ಬದಿಗೆ ಕರೆದುಕೊಂಡು ಹೋದ.

ನಾನು ನಿಂತುಬಿಟ್ಟೆ. ಪೈಪಿನ ಗ್ಯಾಲರಿ ಬಿದ್ದ ಮೇಲೆ ಸುತ್ತಲಿನ ಊರವರು ಅದನ್ನು ಕಟ್ಟಿಸುವುದನ್ನೇ ಬಿಟ್ಟಿದ್ದರು. ಜನ ಮಾತ್ರ ಬರುವುದು ಬಿಟ್ಟಿರಲಿಲ್ಲ. ಹತ್ತಿರದ ಹಳ್ಳಿಗಳಿಂದ ಟ್ರ್ಯಾಕ್ಟರು ಟ್ರಾಲಿಗಳನ್ನೇ ತಂದು ಕಣಕ್ಕೆ ಮುಖ ಮಾಡಿ ಸಾಲಾಗಿ ನಿಲ್ಲಿಸಿದ್ದರು. ಟ್ರಾಲಿಯ ತುಂಬ ಹೆಂಗಸರು, ಎಲೆ ಅಡಿಕೆ, ಕೂಸುಗಳು, ಹಿಂದೆ ಬೇವಿನ ನೆರಳು. ಎತ್ತುಗಳಿರಲಿಲ್ಲ ಅಷ್ಟೆ.

ಚನ್ನುವಿನ ಹೆಂಡತಿಯ ತವರು ಉದಗೀರದ ಮಗ್ಗುಲಲ್ಲೇ. ಅವರ ಟ್ರಾಲಿ ಸಾಲಿನಲ್ಲಿ ಖಾಲಿ ನಿಂತಿತ್ತು. ಗಾಲಿಗಳಿಗೆ ಕಲ್ಲು ಕೊಟ್ಟಿತ್ತು.

"ಇದು ಗ್ಯಾಲರಿ ಅಲ್ಲ ಅಕ್ಕಾ. ಬಂಡಿ. ಬಂಡಿ ಮ್ಯಾಲ ಕೂತೇ ನೀ ದೊಡ್ಡಾಕಿ ಆಗೀದಿ" ಎಂದು ಹೇಳಿ, ಚನ್ನು ಟ್ರಾಲಿ ಹತ್ತಿದ. ನನ್ನ ತಮ್ಮ ಈಗ ತೊಗರಿ ಚೀಲದ ಗಾತ್ರದ ಮನುಷ್ಯ. ಪ್ಯಾಂಟನ್ನು ಮೇಲೆಳೆದುಕೊಂಡು ಅಷ್ಟು ಜನರ ಎದುರಿಗೆ ಧಡ್ ಧಡ್ ಎಂದು ಕುಣಿಯತೊಡಗಿದ.

"ಓ ಪೈಲ್ವಾನ, ಕಬಡ್ಡಿ ಅಲ್ಲಿ ನಡದದ! ನೀ ಇಲ್ಲಿ ಯಾಕ ಕುಣಿತಿ?" ಪಕ್ಕದ ಟ್ರಾಲಿಯ ಒಬ್ಬಳು ಕೂಗಿದಳು.

"ನಮ್ಮ ಅಕ್ಕ ಕೂಡೂದದ! ಅದಕ್ಕ!" ಚನ್ನು ಏದುಸಿರು ಬಿಡುತ್ತ ಉತ್ತರಿಸಿದ. ಕುಣಿದು ಮುಗಿಸಿ, ಕೆಳಗೆ ಕೈ ಚಾಚಿದ. ನನಗೆ ಕಂಡದ್ದು ಅವನ ಕೈಯಲ್ಲ, ಧೋತರದ ಚುಂಗು ಹಿಡಿದ ಇನ್ನೊಂದು ಕೈ. ಹತ್ತಿದೆ. ಹಾಸಿದ್ದ ಗೋಣಿಚೀಲದ ಮೇಲೆ ಕೂತೆ. ನಮ್ಮ ಹಿಂದೆ ಹತ್ತಾರು ಹೆಂಗಸರು ಹತ್ತಿದರು.

ಕಾವೇರಿ ರೇಡಿಗೆ ಬಂದು ಗೆರೆಯ ಬಳಿ ನಿಂತಳು. ಕತ್ತು ಜನರ ಕಡೆ ಹೊರಳಿತು. ಮೆಟ್ಟಿಲುಗಳನ್ನು ಹುಡುಕಿತು, ನೆಲದ ಸಾಲುಗಳನ್ನು ಹುಡುಕಿತು. ನಾನು ಛತ್ರಿಯ ಗುಂಡಿ ಒತ್ತಿದೆ. ಜಗ್ಗಿತು, ಕಿರುಗುಟ್ಟಿತು, ಆಮೇಲೆ ಫಟ್ಟನೆ ಬಿಚ್ಚಿಕೊಂಡಿತು. ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಅವಳ ಕಣ್ಣು ಅಲ್ಲಿಗೆ ಬಂದು ಒಂದು ಕ್ಷಣ ನಿಂತಿತು. ಅವಳು ನಗಲಿಲ್ಲ. ಕೈ ಬೀಸಲಿಲ್ಲ. ಅಂಗೈ ತೊಡೆಗೆ ಒರೆಸಿ, ಉಸಿರು ತುಂಬಿಕೊಂಡು ಗೆರೆ ದಾಟಿದಳು.

"ಅಕ್ಕಾ, ಛತ್ರಿ ಮುಚ್ಚ್ರೀ! ಏನೂ ಕಾಣವಲ್ದು!" ಹಿಂದಿನಿಂದ ಒಬ್ಬಳು ಕೂಗಿದಳು.

"ಓ ತಾಈ, ಛತ್ರಿ ಮಿಟವಾ!" ಮತ್ತೊಬ್ಬಳು.

"ಮೋಡಿಲ್ಲ, ಮಳಿಯಿಲ್ಲ, ಮಹಾರಾಣಿಗಿ ಛತ್ರಿ ಬೇಕಾಗ್ಯಾದ!"

"ಆಕಿ ಹೊಳ್ಳಿ ಬರೂತನಾ ಮುಚ್ಚಂಗಿಲ್ಲ!" ಚನ್ನು ಅವರತ್ತ ತಿರುಗಿ ಗದರಿದ.

ಕಾವೇರಿ ಎದುರಾಳಿಯ ಅಂಗಳದ ಆಳಕ್ಕೆ ಹೋಗಿದ್ದಳು. ಒಬ್ಬಳ ಭುಜ ಮುಟ್ಟಿದಳು. ಎಡಗಡೆಯಿಂದ ಇಬ್ಬರು ಸರಪಳಿಯ ಹಾಗೆ ಕೈ ಹಿಡಿದು ಮುಚ್ಚಿಕೊಂಡು ಬಂದರು. ಆಗ ಟ್ರಾಲಿಗಳಲ್ಲಿದ್ದವರೆಲ್ಲ ಒಮ್ಮೆಲೇ ಎದ್ದರು. ನಮ್ಮ ಟ್ರಾಲಿ ಅಲುಗಿತು. ಕೊಂಡಿಯ ಸರಪಳಿ ಝಣ್ ಎಂದಿತು. ಟೊಪ್ಪಿಗೆ, ಹಲಗೆ, ಧೂಳು ಎಲ್ಲ ಬಂದವು. ಆ ಗದ್ದಲ ಕಾವೇರಿಗೂ ಕೇಳಿಸಿರಲೇಬೇಕು. ಅಂದಿನ ಹಾಗೇ ಇತ್ತು ಅದು. ಛತ್ರಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದು ನಾನು ಅವಳ ಕತ್ತನ್ನೇ ನೋಡುತ್ತಿದ್ದೆ.

ಕತ್ತು ಹೊರಳಲಿಲ್ಲ. ಅವಳ ಕಣ್ಣು ಎದುರಾಳಿಗಳ ಕಾಲಿನ ಮೇಲಿತ್ತು. ಬಗ್ಗಿ, ಅವರ ಕೈಗಳ ಕೆಳಗೆ ನುಸುಳಿ, ಉದ್ದಕ್ಕೆ ಬಿದ್ದು, ಅಂಗೈಯಿಂದ ಗೆರೆಯನ್ನು ಬಡಿದಳು.

ಎಲ್ಲರೂ ಎದ್ದಾಗ ನಾನೂ ಎದ್ದಿದ್ದೆ ಎನ್ನುವುದು ನನಗೆ ಗೊತ್ತಾದದ್ದು ಆಮೇಲೆ, ಹಿಂದಿನವಳು, "ಕೂಡ್ರೀ ಮಹಾರಾಣಿ, ಮುಗೀತು" ಎಂದು ಸೆರಗು ಜಗ್ಗಿದಾಗ.

ಪಂದ್ಯವನ್ನು ಕಾವೇರಿಯ ತಂಡ ಕೂದಲೆಳೆಯಲ್ಲಿ ಸೋತಿತು. ಕೊನೆಯವರೆಗೂ ರೇಡಿಗೆ ಕಾವೇರಿಯೇ ಹೋದಳು. ಮುಗಿದ ಮೇಲೆ ಮೈಯೆಲ್ಲ ಬೆವರಾಗಿ ಟ್ರಾಲಿಯ ಬಳಿ ಬಂದು, ನನ್ನ ಪಾದ ಹಿಡಿದು ಅಲ್ಲಾಡಿಸಿದಳು.

"ಅತ್ತಿ, ಕಡೀತನಾ ಇಲ್ಲೇ ಕೂತಿದ್ದೇನ?"

"ಮತ್ತ? ನೀ ನೋಡಲಿಲ್ಲೇನ?"

"ಇಲ್ಲ" ಎಂದಳು. ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿದ ಹಾಗೆ ಇನ್ನೊಮ್ಮೆ ಹೇಳಿದಳು: "ನೋಡಲೇ ಇಲ್ಲ ಅತ್ತಿ."

ಇಳಿಯುವಾಗ ಛತ್ರಿ ಮುಚ್ಚಲು ಹೋದೆ. ಮುಚ್ಚಲಿಲ್ಲ. ಒಳಗಿನ ಕಡ್ಡಿಯೊಂದು ಬಾಗಿ ಸಿಕ್ಕಿಕೊಂಡಿತ್ತು. ಚನ್ನು ಜಗ್ಗಿದ, ಕಾವೇರಿ ಜಗ್ಗಿದಳು, ಪಕ್ಕದ ಟ್ರಾಲಿಯವರು ಬಂದು ಜಗ್ಗಿದರು. ಅಷ್ಟು ವರ್ಷ ಎಷ್ಟೋ ಜನ ಮುಚ್ಚು ಎಂದು ಬೈದಿದ್ದ ಸಿಟ್ಟು ಅದಕ್ಕೆ ಇದ್ದಿರಬೇಕು. ಬಿಚ್ಚಿದ ಛತ್ರಿಯೊಡನೆ ಬಸ್ಸು ಹತ್ತಿದರೆ ಬೆಳಗಿನ ಅದೇ ಕಂಡಕ್ಟರ. ಛತ್ರಿಯನ್ನು ಈ ತುದಿಯಿಂದ ಆ ತುದಿಗೆ ಅಳೆದು ನೋಡಿದ. "ಈಗ ಪೂರಾ ತಿಕೀಟ, ಮಾವಶಿ" ಎಂದ.

ಹಾಗಾಗಿ ಮೊಳೆ ಖಾಲಿ ಇದೆ. ಛತ್ರಿ ಪಡಸಾಲೆಯ ಮೂಲೆಯಲ್ಲಿ ನೆಲದ ಮೇಲೆ ಬಿಚ್ಚಿಕೊಂಡು ಕೂತಿದೆ, ಅರ್ಧ ಜಾಗ ಅದರದೇ. ತೊಗರಿ ಕಟ್ಟಿಗೆಯ ಸದ್ದು ಈಗಲೂ ಬರುತ್ತದೆ. ಬಂದಾಗ ಅದರ ಕಡೆ ಒಮ್ಮೆ ನೋಡಿ ಕೆಲಸ ಮುಂದುವರಿಸುತ್ತೇನೆ. ಈ ದೀಪಾವಳಿಗೆ ಮನೆ ಸಾರಿಸುವಾಗ ನನ್ನ ಗಂಡ ಅದಕ್ಕೆ ಎಡವಿ, ಗೋಡೆ ಹಿಡಿದು ನಿಂತು, "ಛತ್ರಿ ಮುಚ್ಚೇ ಮಾರಾಯ್ತಿ!" ಎಂದು ಕೂಗಿದರು.

ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. "ಇನ್ನೊಮ್ಮಿ ಅನ್ರಿ" ಎಂದೆ.